ಮತ ಹಾಕದವರು ಯಾರ ಮತದಾರರು?

ಹೊಸ ಪಕ್ಷ ಕಟ್ಟಲು ಹೊರಟವರ ಮೊದಲ ಲೆಕ್ಕ ಹೆಚ್ಚೂಕಡಿಮೆ ಒಂದೇ ಥರ ಇರುತ್ತದೆ. ನೂರರಲ್ಲಿ ಮೂವತ್ತೈದು ಜನ ಮತಗಟ್ಟೆಗೇ ಬರುವುದಿಲ್ಲ, ಅವರಿಗೆ ಈಗಿರುವ ಪಕ್ಷಗಳ ಮೇಲೆ ಬೇಸರ, ಅದರಲ್ಲಿ ಅರ್ಧ ನಮಗೆ ಬಂದರೂ ಗೆದ್ದಂತೆ. ಬೂತ್ ಮಟ್ಟದ ಫಲಿತಾಂಶಗಳನ್ನು ಬಿಡಿಸಿ ನೋಡುವುದೇ ನನ್ನ ಕಸುಬು. ಈ ಲೆಕ್ಕದ ಮೊದಲ ಸಾಲೇ ನನಗೆ ಗಂಟಲಲ್ಲಿ ಇಳಿಯುವುದಿಲ್ಲ.

ಆ ಮೂವತ್ತೈದರಲ್ಲಿ ಒಂದಷ್ಟು ಮಂದಿ ಇಲ್ಲವೇ ಇಲ್ಲ. ತೀರಿಕೊಂಡವರು, ಮನೆ ಬದಲಿಸಿದವರು, ಎರಡು ಕಡೆ ಹೆಸರಿದ್ದವರು ಪಟ್ಟಿಯಲ್ಲಿ ಹಾಗೇ ಉಳಿದಿರುತ್ತಾರೆ. ಭಾರತದಲ್ಲಿ ಮತದಾನದ ಪ್ರಮಾಣ ಎಣಿಸುವುದು ಪಟ್ಟಿಯಲ್ಲಿರುವ ಹೆಸರುಗಳ ಮೇಲೆ. ಪಟ್ಟಿ ಉಬ್ಬಿದಷ್ಟೂ ಪ್ರಮಾಣ ಕುಗ್ಗಿ ಕಾಣುತ್ತದೆ. ಬಾಡಿಗೆದಾರರು ಹೆಚ್ಚಿರುವ ನಗರಗಳಲ್ಲಂತೂ 'ಜನರ ನಿರಾಸಕ್ತಿ' ಎಂದು ಬೈಸಿಕೊಳ್ಳುವುದರಲ್ಲಿ ಒಂದು ಪಾಲು ಪಟ್ಟಿಯ ತಪ್ಪು. ಉಳಿದವರಲ್ಲಿ ಕಾಯಿಲೆಯವರು, ಪಾಳಿಯ ಕೆಲಸದವರು, ಊರಲ್ಲಿಲ್ಲದವರು, ರಾಜಕೀಯವೆಂದರೆ ತಲೆ ಕೆಡಿಸಿಕೊಳ್ಳದವರು. ಸಿಟ್ಟಿದ್ದವರು ಸಾಮಾನ್ಯವಾಗಿ ಮನೆಯಲ್ಲಿ ಕೂರುವುದಿಲ್ಲ, ಬಂದು ಸೋಲಿಸಿ ಹೋಗುತ್ತಾರೆ. ಯಾರೂ ಬೇಡ ಎನ್ನಲು 2013ರಿಂದ ನೋಟಾ ಗುಂಡಿಯೇ ಇದೆ. ಲೋಕಸಭಾ ಚುನಾವಣೆಗಳಲ್ಲಿ ಅದಕ್ಕೆ ಬೀಳುವುದು ಶೇ 1ರ ಆಸುಪಾಸು.

ಹಾಗಾದರೆ ಹೊಸ ಪಕ್ಷದ ಮತ ಬರುವುದೆಲ್ಲಿಂದ? ಬಹುಮಟ್ಟಿಗೆ ಹಳೆಯ ಪಕ್ಷಗಳಿಂದ. 2013ರ ದೆಹಲಿ ನೋಡಿ. ಮತದಾನ 2008ರ ಶೇ 57ರಿಂದ 65ರ ಆಚೆಗೆ ಜಿಗಿಯಿತು, ವರ್ಷವೊಂದರ ಹಿಂದೆ ಹುಟ್ಟಿದ್ದ ಆಮ್ ಆದ್ಮಿ ಪಕ್ಷ 70ರಲ್ಲಿ 28 ಸ್ಥಾನ ಗೆದ್ದಿತು. ಹೊಸ ಮತದಾರರೇ ಗೆಲ್ಲಿಸಿದರೆಂಬ ಮಾತು ಅಲ್ಲಿಂದಲೇ ಹಬ್ಬಿದ್ದು. ಆದರೆ ಆ ಪಕ್ಷಕ್ಕೆ ಬಂದದ್ದು ಶೇ 29ಕ್ಕಿಂತ ಸ್ವಲ್ಪ ಹೆಚ್ಚು. ಕಾಂಗ್ರೆಸ್ ಕಳೆದುಕೊಂಡದ್ದು ಸುಮಾರು 16 ಶೇಕಡಾ ಅಂಶ, ಬಿಎಸ್‌ಪಿ ಸುಮಾರು 9. ಯಾರು ಯಾರಿಗೆ ಹಾಕಿದರೆಂದು ಈ ಒಟ್ಟು ಅಂಕಿಗಳು ಹೇಳುವುದಿಲ್ಲ, ನಿಜ. ಆದರೂ ಹೊಸ ಪಕ್ಷದ ಗಳಿಕೆಯ ದೊಡ್ಡ ಪಾಲಿಗೆ ಹಳೆಯವರ ನಷ್ಟವೇ ಲೆಕ್ಕ ಕೊಡುತ್ತದೆ.

ಅದೇ ವರ್ಷ ಕರ್ನಾಟಕದಲ್ಲೂ ಮತದಾನ ಏರಿತು, ಶೇ 64ರಿಂದ 71ಕ್ಕೆ. ಯಡಿಯೂರಪ್ಪನವರ ಕರ್ನಾಟಕ ಜನತಾ ಪಕ್ಷಕ್ಕೆ ಹತ್ತಿರಹತ್ತಿರ ಶೇ 10 ಮತ ಬಿತ್ತು. ಸಿಕ್ಕಿದ್ದು 224ರಲ್ಲಿ 6 ಸ್ಥಾನ. ಮತಗಳು ರಾಜ್ಯದ ತುಂಬ ಚದುರಿದ್ದವು. ಬಿಜೆಪಿ 110ರಿಂದ 40ಕ್ಕೆ ಇಳಿಯಿತು, ಲಾಭ ಕಾಂಗ್ರೆಸ್ಸಿಗಾಯಿತು. ದೆಹಲಿ ಒಂದು ನಗರ, ಅಲ್ಲಿ ಶೇ 29 ಸ್ಥಾನಗಳಾಗಿ ಬದಲಾಯಿತು. ಇಲ್ಲಿ ಶೇ 10 ಬರೀ ಕೆಡಿಸುವ ಶಕ್ತಿಯಾಗಿ ಉಳಿಯಿತು.

ಮತದಾನದ ಪ್ರಮಾಣಕ್ಕೆ ಬೆಲೆಯಿಲ್ಲ ಎನ್ನುತ್ತಿಲ್ಲ. ಅದರ ಪರಿಣಾಮ ಜನರ ಮನಸ್ಸಿಗಿಂತ ಹೆಚ್ಚಾಗಿ ನಿಯಮ ಪುಸ್ತಕದಲ್ಲಿ ಅಡಗಿರುತ್ತದೆ. ಜರ್ಮನಿಯಲ್ಲಿ ಸಾಮಾನ್ಯವಾಗಿ ಚಲಾಯಿತ ಸಿಂಧು ಮತಗಳ ಶೇ 5 ದಾಟಿದರೆ ಸಂಸತ್ತಿಗೆ ಪ್ರವೇಶ. 2025ರಲ್ಲಿ ಅಲ್ಲಿನ ಹೊಸ ಪಕ್ಷ ಬಿಎಸ್‌ಡಬ್ಲ್ಯು ಸುಮಾರು 24.7 ಲಕ್ಷ ಮತ ಪಡೆದು, ಹತ್ತು ಸಾವಿರಕ್ಕೂ ಕಡಿಮೆ ಮತಗಳಿಂದ ಹೊರಗುಳಿಯಿತು. ಆ ಸಲ ಮತದಾನ ಶೇ 82 ದಾಟಿತ್ತು. 2021ರಷ್ಟೇ ಜನ ಬಂದಿದ್ದರೆ ಶೇ 5ರ ಗೆರೆ ಸುಮಾರು 23 ಲಕ್ಷ ಮತದಲ್ಲೇ ಇರುತ್ತಿತ್ತು, ಅಷ್ಟೇ ಮತಗಳಿಗೆ ಒಳಗೆ ಹೋಗುತ್ತಿತ್ತು. ಜನ ಹೆಚ್ಚು ಬಂದದ್ದೇ ಆ ಪಕ್ಷಕ್ಕೆ ಮುಳುವಾಯಿತು.

ಫ್ರಾನ್ಸಿನಲ್ಲಿ ಇದು ತಿರುಗುಮುರುಗು. ಸಂಸತ್ ಚುನಾವಣೆಯ ಎರಡನೇ ಸುತ್ತಿಗೆ ಮೊದಲ ಇಬ್ಬರು ಹೇಗೂ ಹೋಗುತ್ತಾರೆ. ಮೂರನೆಯವರಿಗೆ ನೋಂದಾಯಿತ ಮತದಾರರ ಶೇ 12.5 ಬೇಕು, ಚಲಾಯಿತ ಮತಗಳದ್ದಲ್ಲ, ಪಟ್ಟಿಯದ್ದು. 2017ರಲ್ಲಿ ಅರ್ಧಕ್ಕರ್ಧ ಜನ ಬರಲಿಲ್ಲ, ಹಾಗಾಗಿ ಬಿದ್ದ ಮತಗಳಲ್ಲಿ ಕಾಲು ಭಾಗ ಪಡೆಯದೆ ಮೂರನೆಯವರು ಉಳಿಯುವಂತಿರಲಿಲ್ಲ. ತ್ರಿಕೋನ ಸ್ಪರ್ಧೆ ನಡೆದದ್ದು ಒಂದೇ ಕ್ಷೇತ್ರದಲ್ಲಿ. 2024ರಲ್ಲಿ ಮೂರರಲ್ಲಿ ಎರಡು ಪಾಲು ಜನ ಬಂದರು, 300ಕ್ಕೂ ಹೆಚ್ಚು ಕ್ಷೇತ್ರಗಳಲ್ಲಿ ಮೂರನೆಯವರು ಅರ್ಹರಾದರು. ತಮಾಷೆಯೆಂದರೆ, ಆ ನೀರಸ 2017ರಲ್ಲೇ ವರ್ಷದ ಕೂಸಾಗಿದ್ದ ಮ್ಯಾಕ್ರಾನ್ ಪಕ್ಷ 577ರಲ್ಲಿ 308 ಸ್ಥಾನ ಬಾಚಿಕೊಂಡಿತು.

ಕಡಿಮೆ ಮತದಾನದ ಚುನಾವಣೆಗಳೇ ಹೊಸಬರಿಗೆ ಒಳ್ಳೆಯ ಬಾಗಿಲು ಎಂಬುದು ನನ್ನ ಅನಿಸಿಕೆ. ಹಳೆಯ ಪಕ್ಷದ ಸೋಮಾರಿ ಬೆಂಬಲಿಗ ಅಂಥ ದಿನ ಮನೆಬಿಟ್ಟು ಏಳುವುದಿಲ್ಲ, ಹೊಸ ಪಕ್ಷದ ಹುರುಪಿನವನು ತಪ್ಪದೆ ಬರುತ್ತಾನೆ. 2014ರ ಯುರೋಪಿಯನ್ ಸಂಸತ್ ಚುನಾವಣೆಯಲ್ಲಿ ಸ್ಪೇನಿನ ಪೊದೆಮೊಸ್ ಪಕ್ಷ ಹುಟ್ಟಿದ ಕೆಲವೇ ತಿಂಗಳಲ್ಲಿ 5 ಸ್ಥಾನ ಗೆದ್ದಿತು. ಬ್ರಿಟನ್ನಿನಲ್ಲಿ ಮೂರರಲ್ಲಿ ಒಂದು ಪಾಲು ಜನ ಮಾತ್ರ ಮತ ಹಾಕಿದ್ದ ಅದೇ ಚುನಾವಣೆಯಲ್ಲಿ, ಹೊಸದಲ್ಲದಿದ್ದರೂ ದೊಡ್ಡ ಪಕ್ಷಗಳ ಸಾಲಿನಲ್ಲಿರದ ಯುಕಿಪ್ ಪಕ್ಷ 24 ಸ್ಥಾನ ಗೆದ್ದು ಮೊದಲ ಸ್ಥಾನಕ್ಕೇರಿತು. ಮರುವರ್ಷದ ಸಾರ್ವತ್ರಿಕ ಚುನಾವಣೆಯಲ್ಲಿ ಅದಕ್ಕೆ ಸುಮಾರು 39 ಲಕ್ಷ ಮತ ಬಂದರೂ ಗೆದ್ದದ್ದು ಒಂದೇ ಸ್ಥಾನ.

ಬಾಗಿಲು ದಾಟಿದ ಮೇಲೆ ಉಳಿಯುವುದು ಬೇರೆಯೇ ಕಥೆ. ನೆದರ್ಲ್ಯಾಂಡ್ಸ್‌ನ ಎನ್‌ಎಸ್‌ಸಿ ಪಕ್ಷ 2023ರ ಆಗಸ್ಟ್‌ನಲ್ಲಿ ಹುಟ್ಟಿ ನವೆಂಬರ್‌ನಲ್ಲಿ 150ರಲ್ಲಿ 20 ಸ್ಥಾನ ಪಡೆಯಿತು, ಎರಡು ವರ್ಷಕ್ಕೆ ಸೊನ್ನೆಗಿಳಿಯಿತು. ಎರಡೂ ಸಲ ಮತದಾನ ಶೇ 78ರ ಆಸುಪಾಸಿನಲ್ಲೇ ಇತ್ತು.

ಆದ್ದರಿಂದ ಪಕ್ಷ ಕಟ್ಟುವವರು ಮತ ಹಾಕದವರ ಲೆಕ್ಕ ತಂದಾಗ ನಾನು ಕೇಳುವುದು ಬೇರೆ. ಮತ ಒತ್ತಾಗಿ ಬೀಳಬಹುದಾದ ಕ್ಷೇತ್ರಗಳು ಯಾವುವು? ಮುಂದಿನ ಸ್ಥಳೀಯ ಚುನಾವಣೆ ಯಾವಾಗ? ಬೆಳಗಿನ ಅಣಕು ಮತದಾನದಿಂದ ಸಂಜೆ ಫಾರಂ 17ಸಿ (ಆ ಬೂತಿನಲ್ಲಿ ಬಿದ್ದ ಮತಗಳ ಲೆಕ್ಕಪತ್ರ) ಪ್ರತಿ ಕೈಗೆ ಬರುವವರೆಗೆ ಎದ್ದುಹೋಗದೆ ಕೂರುವ ಏಜೆಂಟರು ಎಷ್ಟು ಬೂತ್‌ಗಳಿಗೆ ಸಿಕ್ಕಿದ್ದಾರೆ? ಕೊನೆಯ ಪ್ರಶ್ನೆಗೆ ಹೆಸರುಗಳ ಪಟ್ಟಿ ಕೊಟ್ಟವರ ಜೊತೆ ಮಾತ್ರ ಮತದಾನದ ಪ್ರಮಾಣದ ಚರ್ಚೆಗೆ ಕೂರುತ್ತೇನೆ.