ಎಸ್‌ಜಿಪಿಟಿ ಒಂದನ್ನೇ ನೋಡಿ ಅಳೆಯಬೇಡಿ

ಲಿವರ್ ರಿಪೋರ್ಟ್ ಕೈಗೆ ಬಂತೆಂದರೆ ಗಂಗಾವತಿಯ ನಮ್ಮ ಕ್ಲಿನಿಕ್‌ನಲ್ಲಿ ಎಲ್ಲರ ಬೆರಳೂ ಎಸ್‌ಜಿಪಿಟಿ ಮೇಲೆಯೇ. ದಪ್ಪ ಅಕ್ಷರದಲ್ಲಿ 62 ಅಂತಿದ್ದರೆ ಮನೆಮಂದಿಗೆಲ್ಲ ಗಾಬರಿ. 35 ಇದ್ದರೆ ಲಿವರ್ ಗಟ್ಟಿ ಇದೆ ಅಂತ ಖುಷಿ. ಎಷ್ಟು ಹೇಳಿದರೂ ಮತ್ತೆ ಅದೇ!

ಎಸ್‌ಜಿಪಿಟಿ ಲಿವರ್ ಜೀವಕೋಶದ ಒಳಗಿರುವ ಕಿಣ್ವ. ಕೋಶಕ್ಕೆ ಪೆಟ್ಟಾದರೆ ರಕ್ತಕ್ಕೆ ಸೋರುತ್ತದೆ. ಚೀಲ ಹರಿದರೆ ಅಕ್ಕಿ ಸುರಿಯುತ್ತದಲ್ವಾ, ಹಾಗೆ. ಚೀಲದಲ್ಲಿ ಅಕ್ಕಿಯೇ ಉಳಿಯದಿದ್ದರೆ ಸುರಿಯುವುದೇನು? ಲಿವರ್ ಕೆಲಸ ಮಾಡುತ್ತಿದೆಯಾ ಅಂತ ತಿಳಿಯಲು ಲಿವರ್ ಹೊರಹಾಕಬೇಕಾದ ಹಳದಿ ಪದಾರ್ಥ ಬಿಲಿರುಬಿನ್, ಲಿವರ್ ತಯಾರಿಸುವ ಪ್ರೋಟೀನ್ ಅಲ್ಬುಮಿನ್ ನೋಡಬೇಕು. ಜೊತೆಗೆ ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಬೇಕು ಅಂತ ಹೇಳುವ ಪಿಟಿ-ಐಎನ್‌ಆರ್. ಸಾಮಾನ್ಯವಾಗಿ ಅದನ್ನು ಬೇರೆಯೇ ಬರೆಸಬೇಕಾಗುತ್ತದೆ.

ಬಹಳ ವರ್ಷ ಕುಡಿದ ಅಜ್ಜ ಒಬ್ಬರನ್ನು ಮಗ ಕರೆತಂದಿದ್ದ. "ನೋಡ್ರಿ ಸರ್, ಎಸ್‌ಜಿಪಿಟಿ ನಾರ್ಮಲ್ ಐತ್ರಿ" ಎಂದ. ನಿಜ, 34 ಇತ್ತು. ಧೋತರ ಸರಿಸಿ ಅಜ್ಜನ ಕಣಕಾಲು ಒತ್ತಿದೆ. ಬೆರಳಿಟ್ಟಲ್ಲಿ ಗುಳಿ ಬಿದ್ದು ಹಾಗೇ ಉಳಿಯಿತು, ಕಾಲಲ್ಲಿ ನೀರು ತುಂಬಿತ್ತು. ಅದೇ ಹಾಳೆಯ ಕೆಳಗೆ ಅಲ್ಬುಮಿನ್ 2.3. ಇರಬೇಕಾದ್ದು 3.5ರ ಮೇಲೆ. ಕಿಡ್ನಿ ತೊಂದರೆಯಿಂದಲೂ ಅದು ಇಳಿಯಬಹುದು, ಅದಕ್ಕೇ ಸ್ಕ್ಯಾನ್ ಮಾಡಿಸಿದೆವು. ಸಿರೋಸಿಸ್ ಇತ್ತು, ಅಂದರೆ ಲಿವರ್ ತುಂಬ ಗಾಯದ ಕಲೆ ಕಟ್ಟಿ ಹಾಳಾಗಿತ್ತು.

ಇನ್ನೊಬ್ಬ ಕಾಲೇಜು ಹುಡುಗ, ಹೆಪಟೈಟಿಸ್ ಎ ಕಾಮಣಿ. ಎಸ್‌ಜಿಪಿಟಿ 1,800! ಆದರೆ ಐಎನ್‌ಆರ್ ಸರಿಯಿತ್ತು, ಹುಡುಗ ಚುರುಕಾಗಿದ್ದ. ಕೆಲವೇ ವಾರಗಳಲ್ಲಿ ಮನೆಯಲ್ಲೇ ಸುಧಾರಿಸಿದ. ಅವನ ತಾಯಿ ಎಣ್ಣೆ, ಬೇಳೆ ಎಲ್ಲ ಬಿಡಿಸಿ ಬರೀ ಮಜ್ಜಿಗೆ ಅನ್ನ ಹಾಕುತ್ತಿದ್ದರು. "ಯಕ್ಕಾ, ಅವ ಕೇಳಿದ್ದು ಹೊಟ್ಟೆತುಂಬ ಹಾಕ್ರಿ" ಎಂದೆ. ಪಾಪ, ಆ ತಾಯಿಗೆ ಜೀವ ಬಂದಂತಾಯಿತು.

ಹಾಗಂತ 62 ಬಂದರೆ ಬಿಟ್ಟುಬಿಡಿ ಅಂತಲ್ಲ. ಫ್ಯಾಟಿ ಲಿವರ್ ಇರಬಹುದು, ನುಂಗುತ್ತಿರುವ ಯಾವುದೋ ಮಾತ್ರೆ ಕಾರಣವಾಗಿರಬಹುದು. ರಿಪೋರ್ಟಿನಲ್ಲಿ ಜೊತೆಗೇ ಬರುವ ಇನ್ನೊಂದು ಕಿಣ್ವ ಎಸ್‌ಜಿಒಟಿಯಂತೂ ಸ್ನಾಯುವಿನಲ್ಲೂ ಇರುತ್ತದೆ. ರೈಸ್ ಮಿಲ್ಲಿನ ಹಮಾಲರಿಗೆ ಬರೀ ಮೂಟೆ ಹೊತ್ತಿದ್ದಕ್ಕೇ ಸ್ವಲ್ಪ ಜಾಸ್ತಿ ಬರಬಹುದು. ಇದನ್ನೆಲ್ಲ ರೋಗಿಯನ್ನು ನೋಡಿಯೇ ಹೇಳಬೇಕು. ವಾಟ್ಸಾಪ್‌ನಲ್ಲಿ ಫೋಟೊ ಕಳಿಸಿ "ಏನ್ರಿ ಸರ್, ಪರವಾಗಿಲ್ಲೇನ್ರಿ?" ಅಂದರೆ ನಾನು ಏನಂತ ಹೇಳಲಿ?

ಕಾಮಣಿಯಲ್ಲಿ ಎಸ್‌ಜಿಪಿಟಿ ಇಳಿಯಿತು ಅಂತ ಸುಮ್ನೆ ಕೂರಬೇಡಿ. ಅದು ಇಳಿಯುತ್ತಾ ಬಿಲಿರುಬಿನ್, ಐಎನ್‌ಆರ್ ಏರುತ್ತಿದ್ದರೆ ಲಿವರ್ ಕೈಚೆಲ್ಲುತ್ತಿದೆ ಅಂತ ಅರ್ಥ. ಮಂಪರು, ತಡವರಿಸುವ ಮಾತು, ಒಸಡಿನಲ್ಲಿ ರಕ್ತ ಕಂಡರೆ ನಾಟಿ ಔಷಧಿಗೆ ಊರೂರು ಅಲೆಯದೆ ಅಂದೇ ದೊಡ್ಡಾಸ್ಪತ್ರೆಗೆ ಕರೆದೊಯ್ಯಿರಿ.