ಡಾಕ್ಯುಮೆಂಟರಿಗೆ ಸೆನ್ಸಾರ್‌ಗಿಂತ ದೊಡ್ಡ ಭಯ ಸ್ಟೇ ಆರ್ಡರ್

ಡಾಕ್ಯುಮೆಂಟರಿ ಮಾಡೋ ಹುಡುಗ ಹುಡುಗಿಯರು ನಮ್ಮ ವಕೀಲರ ಆಫೀಸಿಗೆ ಬಂದ್ರೆ ಮೊದಲು ಕೇಳೋದು ಒಂದೇ ಪ್ರಶ್ನೆ, "ಸರ್, ಇದನ್ನ ಬ್ಯಾನ್ ಮಾಡ್ತಾರಾ?" ಅಂತ. ಪೂರ್ತಿ ಬ್ಯಾನ್ ಆಗಿ ಹಾಗೇ ಉಳಿದಿರೋ ಚಿತ್ರಗಳು ಕಡಿಮೆ, ತಡ ಆಗಿ ಆಗಿ ಸುಸ್ತಾಗಿ ಹೋದವೇ ಜಾಸ್ತಿ. ಆನಂದ್ ಪಟವರ್ಧನ್ ಅವರ 'ಫಾದರ್, ಸನ್ ಅಂಡ್ ಹೋಲಿ ವಾರ್' ಮುಗಿದಿದ್ದು 1995ರಲ್ಲಿ, ದೂರದರ್ಶನ ಅದನ್ನ ಹಾಕಲ್ಲ ಅಂತು, ಹೈಕೋರ್ಟ್ ಹಾಕಿ ಅಂದ್ರೂ ಅಪೀಲು ಹೋಯ್ತು, ಕೊನೆಗೆ ಸುಪ್ರೀಂ ಕೋರ್ಟ್ ಪ್ರಸಾರ ಮಾಡಿ ಅಂತ ಹೇಳಿದ್ದು 2006ರಲ್ಲಿ. ಗೆದ್ದರು, ಸರಿ. ಆದ್ರೆ ಹನ್ನೊಂದು ವರ್ಷ ಆಗಿತ್ತು. ಆ ಹೊತ್ತಿಗೆ ಬೇಕಿದ್ದ ಚರ್ಚೆ ಆ ಹೊತ್ತಿಗೆ ನಡೀಲೇ ಇಲ್ಲ. ನನ್ನ ಪ್ರಕಾರ ಇದೇ ನಿಜವಾದ ಸೆನ್ಸಾರ್.

ಮೊದಲು ಕಾನೂನು ಏನು ಹೇಳುತ್ತೆ ನೋಡೋಣ. 1952ರ ಸಿನಿಮಾಟೋಗ್ರಾಫ್ ಆ್ಯಕ್ಟ್ ಪ್ರಕಾರ ಸಾರ್ವಜನಿಕವಾಗಿ ತೋರಿಸೋ ಯಾವ ಚಿತ್ರಕ್ಕೂ ಸರ್ಟಿಫಿಕೇಟ್ ಬೇಕು, ಹತ್ತು ನಿಮಿಷದ್ದಾಗಲಿ ಮೂರು ಗಂಟೆಯದ್ದಾಗಲಿ. ಟಿಕೆಟ್ ಇಲ್ಲ ಅಂದ್ರೆ ಸೆನ್ಸಾರ್ ಬೇಡ ಅಂತ ಒಂದು ನಂಬಿಕೆ ಇದೆ, ಅಂಥ ವಿನಾಯಿತಿ ಆ್ಯಕ್ಟ್‌ನಲ್ಲಿಲ್ಲ. ಸರ್ಟಿಫಿಕೇಟ್ ಇಲ್ದೆ ತೋರಿಸಿದ್ರೆ ಮೂರು ವರ್ಷದವರೆಗೆ ಜೈಲು, ಇಲ್ಲ ದಂಡ, ಇಲ್ಲ ಎರಡೂ. ಫಿಲಂ ಫೆಸ್ಟಿವಲ್ಲಿಗೆ ಆದ್ರೆ ವಾರ್ತಾ ಮತ್ತು ಪ್ರಸಾರ ಸಚಿವಾಲಯದಿಂದ ವಿನಾಯಿತಿ ತಗೋಬಹುದು, ಆದ್ರೆ ಅಲ್ಲೂ ಜಗಳ ಆಗುತ್ತೆ. 2017ರಲ್ಲಿ ಕೇರಳದ ಡಾಕ್ಯುಮೆಂಟರಿ ಉತ್ಸವಕ್ಕೆ ಮೂರು ಚಿತ್ರಗಳಿಗೆ ವಿನಾಯಿತಿ ಸಿಗಲಿಲ್ಲ, 2019ರಲ್ಲಿ ಪಟವರ್ಧನ್ ಅವರ ಇನ್ನೊಂದು ಚಿತ್ರಕ್ಕೂ ಹಾಗೇ ಆಗಿ ಕೇರಳ ಹೈಕೋರ್ಟಿಗೆ ಹೋಗಿ ಅನುಮತಿ ತಂದರು. ಓಟಿಟಿಗೆ ಸೆನ್ಸಾರ್ ಬೋರ್ಡ್ ಬೇಕಿಲ್ಲ, ಅಲ್ಲಿ 2021ರ ಐಟಿ ರೂಲ್ಸ್ ಇದೆ. ಅದೇ ರೂಲ್ಸ್‌ನಲ್ಲಿರೋ ತುರ್ತು ಅಧಿಕಾರ ಬಳಸಿಯೇ 2023ರ ಜನವರಿಯಲ್ಲಿ ಪ್ರಧಾನಿ ಮೋದಿ ಬಗ್ಗೆಯ ಬಿಬಿಸಿ ಡಾಕ್ಯುಮೆಂಟರಿಯ ಯೂಟ್ಯೂಬ್, ಟ್ವಿಟರ್ ಲಿಂಕ್‌ಗಳನ್ನ ತೆಗೆಸಿದ್ದು.

ಮೊದಲೇ ಸೆನ್ಸಾರ್ ಮಾಡೋದು ಸಂವಿಧಾನಕ್ಕೆ ಒಪ್ಪುತ್ತಾ ಅನ್ನೋ ಪ್ರಶ್ನೆ ಸುಪ್ರೀಂ ಕೋರ್ಟಿಗೆ ಹೋಗಿದ್ದೇ ಒಂದು ಡಾಕ್ಯುಮೆಂಟರಿಯಿಂದ. ಕೆ.ಎ. ಅಬ್ಬಾಸ್ ನಾಲ್ಕು ಮಹಾನಗರಗಳ ಶ್ರೀಮಂತಿಕೆ ಬಡತನ ಎರಡನ್ನೂ ಪಕ್ಕಪಕ್ಕ ಇಟ್ಟು ಒಂದು ಸಣ್ಣ ಚಿತ್ರ ಮಾಡಿದ್ರು, ಬಾಂಬೆಯ ವೇಶ್ಯಾವಾಟಿಕೆಯ ದೃಶ್ಯ ಕತ್ತರಿಸಿದ್ರೆ ಮಾತ್ರ ಯು ಸರ್ಟಿಫಿಕೇಟ್ ಅಂದ್ರು. ಕೇಸ್ ಹಾಕಿದ ಮೇಲೆ ಸರ್ಕಾರವೇ ಕಟ್ ಇಲ್ದೆ ಯು ಕೊಡ್ತೀವಿ ಅಂತ ಬಂತು, ಆದ್ರೂ ಅಬ್ಬಾಸ್ ಬಿಡಲಿಲ್ಲ, ಮೂಲ ಪ್ರಶ್ನೆಯೇ ತೀರ್ಮಾನ ಆಗಲಿ ಅಂತ ಪಟ್ಟು ಹಿಡಿದ್ರು. 1970ರಲ್ಲಿ ಕೋರ್ಟು ಸೆನ್ಸಾರ್ ಪದ್ಧತಿಯನ್ನ ಎತ್ತಿಹಿಡಿಯಿತು, ಆದ್ರೆ ಮೇಲ್ಮನವಿ ಸರ್ಕಾರದ ಮುಂದೆ ಹೋಗದೆ ಸ್ವತಂತ್ರ ಟ್ರಿಬ್ಯೂನಲ್‌ಗೆ ಹೋಗಬೇಕು ಅನ್ನೋದೂ ಆ ಕೇಸಲ್ಲಿ ಗಟ್ಟಿಯಾಯ್ತು. 1983ರಲ್ಲಿ ಟ್ರಿಬ್ಯೂನಲ್ ಬಂತು. 2021ರಲ್ಲಿ ಅದನ್ನ ತೆಗೆದೇ ಬಿಟ್ರು! ಈಗ ಬೋರ್ಡ್ ಕಟ್ ಹೇಳಿದ್ರೆ ನೇರ ಹೈಕೋರ್ಟು. ಸಣ್ಣ ಬಜೆಟ್ಟಿನ ನಿರ್ದೇಶಕರಿಗೆ ಇದು ಎಂಥಾ ಹೊರೆ ಅಂತ ದಿನಾ ನೋಡ್ತಿರೋ ನನಗೆ ಗೊತ್ತು, ಹೈಕೋರ್ಟಿನ ಖರ್ಚು ಕೆಲವು ಸಲ ಚಿತ್ರದ ಎಡಿಟಿಂಗ್ ಖರ್ಚಿಗಿಂತ ಜಾಸ್ತಿ ಆಗುತ್ತೆ.

ನಮ್ಮ ಕರ್ನಾಟಕದಿಂದಲೂ ಒಂದು ದೊಡ್ಡ ತೀರ್ಪು ಬಂದಿದೆ, ಅದು ನಮ್ಮವರಿಗೇ ಅಷ್ಟಾಗಿ ಗೊತ್ತಿಲ್ಲ. ಬೋರ್ಡ್ ಸರ್ಟಿಫಿಕೇಟ್ ಕೊಟ್ಟ ಮೇಲೂ ಕೇಂದ್ರ ಸರ್ಕಾರ ಅದನ್ನ ಮತ್ತೆ ಕೈಗೆತ್ತಿಕೊಳ್ಳೋ ಅಧಿಕಾರವನ್ನ ನಿರ್ದೇಶಕ ಕೆ.ಎಂ. ಶಂಕರಪ್ಪ ಪ್ರಶ್ನೆ ಮಾಡಿದ್ರು, 1990ರಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನ ರದ್ದು ಮಾಡ್ತು, 2000ದಲ್ಲಿ ಸುಪ್ರೀಂ ಕೋರ್ಟೂ ಹೌದು ಅಂತು. 2021ರ ಕರಡು ಮಸೂದೆಯಲ್ಲಿ ಆ ಅಧಿಕಾರ ವಾಪಸ್ ತರೋ ಪ್ರಯತ್ನ ಆಯ್ತು, 2023ರ ತಿದ್ದುಪಡಿಯಲ್ಲಿ ಕೈಬಿಟ್ಟರು.

ಈಗ ನನಗೆ ಮುಖ್ಯ ಅನ್ಸೋ ವಿಷಯಕ್ಕೆ ಬರ್ತೀನಿ. ಚಿತ್ರ ನಿಲ್ಲಿಸೋಕೆ ಈಗ ಸೆನ್ಸಾರ್ ಬೋರ್ಡೇ ಬೇಕಿಲ್ಲ, ಚಿತ್ರದಲ್ಲಿ ಬರೋ ದುಡ್ಡಿರೋ ವ್ಯಕ್ತಿ ಯಾವುದೋ ಊರಿನ ಸಿವಿಲ್ ಕೋರ್ಟಿಗೆ ಹೋಗಿ ಮಾನಹಾನಿ ಅಂತ ದಾವೆ ಹಾಕಿ ರಿಲೀಸಿನ ಹಿಂದಿನ ವಾರ ಸ್ಟೇ ತಂದ್ರೆ ಮುಗೀತು. 2020ರಲ್ಲಿ ನೆಟ್‌ಫ್ಲಿಕ್ಸ್‌ನ 'ಬ್ಯಾಡ್ ಬಾಯ್ ಬಿಲಿಯನೇರ್ಸ್' ಸರಣಿಗೆ ಒಂದು ತಡೆ ಬಂದಿದ್ದು ಬಿಹಾರದ ಅರರಿಯಾ ಕೋರ್ಟಿಂದ, ಇನ್ನೊಂದು ಹೈದರಾಬಾದಿಂದ, ಕೊನೆಗೆ ಒಂದು ಎಪಿಸೋಡ್ ಬಿಟ್ಟೇ ಸರಣಿ ರಿಲೀಸ್ ಆಯ್ತು. ಇನ್ನೊಂದು ಕಡೆ 2024ರಲ್ಲಿ, ಮಗಳ ಕೊಲೆ ಕೇಸಿನ ಆರೋಪಿ ಇಂದ್ರಾಣಿ ಮುಖರ್ಜಿ ಬಗ್ಗೆಯ ಸರಣಿ ನಿಲ್ಲಿಸಿ ಅಂತ ಸಿಬಿಐ ಹೋದಾಗ ಬಾಂಬೆ ಹೈಕೋರ್ಟ್ ಜಡ್ಜ್‌ಗಳು ಚಿತ್ರ ನೋಡಿ, ಇದರಲ್ಲಿ ಕೇಸಿಗೆ ತೊಂದರೆ ಆಗೋಂಥದ್ದು ಇಲ್ಲ ಅಂತ ಅರ್ಜಿ ವಜಾ ಮಾಡಿದ್ರು. ಅದೇ ವರ್ಷ ಮಾರ್ಚಲ್ಲಿ ಬ್ಲೂಮ್‌ಬರ್ಗ್ ಅನ್ನೋ ಸುದ್ದಿಸಂಸ್ಥೆಯ ಕೇಸಲ್ಲಿ ಸುಪ್ರೀಂ ಕೋರ್ಟು, ವಿಚಾರಣೆಗೆ ಮುಂಚೆ ಲೇಖನಕ್ಕೆ ತಡೆ ಕೊಡೋದು ತೀರಾ ಅಪರೂಪಕ್ಕೆ ಮಾತ್ರ ಅಂತ ಕೆಳಗಿನ ಕೋರ್ಟುಗಳಿಗೆ ಸ್ಪಷ್ಟವಾಗಿ ಹೇಳಿದೆ. ಆ ತೀರ್ಪಿನ ಪ್ರಿಂಟ್ ನನ್ನ ಬ್ಯಾಗಲ್ಲಿ ಯಾವಾಗಲೂ ಇರುತ್ತೆ.

ತೀರ್ಪು ಇದ್ರೆ ಸಾಲದು, ಆ ದಿನ ಕೋರ್ಟಲ್ಲಿ ನಿಮ್ಮ ಪರ ಒಬ್ಬರು ನಿಂತಿರಬೇಕು. ಅದಕ್ಕೇ ಕೇವಿಯಟ್ ಹಾಕಿ ಅಂತ ಗಂಟಲು ಹರ್ಕೊಂಡು ಹೇಳ್ತೀನಿ. ಸಿಪಿಸಿ, ಅಂದ್ರೆ ಸಿವಿಲ್ ಪ್ರೊಸೀಜರ್ ಕೋಡ್, ಅದರ ಕಲಂ 148ಎ ಪ್ರಕಾರ ಕೇವಿಯಟ್ ಹಾಕಿದ್ರೆ ನಿಮಗೆ ನೋಟಿಸ್ ಕೊಡದೆ ಆ ಕೋರ್ಟು ಮಧ್ಯಂತರ ಆದೇಶ ಮಾಡೋ ಹಾಗಿಲ್ಲ, ಅದರ ಆಯಸ್ಸು 90 ದಿನ. ರಿಲೀಸ್ ಡೇಟ್ ನೋಡ್ಕೊಂಡು ಹಾಕಬೇಕು, ಮುಂದಕ್ಕೆ ಹೋದ್ರೆ ಮತ್ತೆ ಹಾಕಬೇಕು. ಎಲ್ಲಾ ಊರಿನ ಕೋರ್ಟಲ್ಲೂ ಹಾಕೋಕಾಗಲ್ಲ ನಿಜ, ಆ ವ್ಯಕ್ತಿಯ ಊರು, ಕಂಪನಿಯ ರಿಜಿಸ್ಟರ್ಡ್ ಆಫೀಸ್, ನಿಮ್ಮ ಊರು ಇಷ್ಟಾದ್ರೂ ಇರಲಿ.

ಇನ್ನು ದಾಖಲೆ. ನಾನು ಕಕ್ಷಿದಾರರ ಕೈಲಿ ಒಂದು ಶೀಟ್ ಮಾಡಿಸ್ತೀನಿ. ಎಡಗಡೆ ಟೈಮ್‌ಕೋಡ್, ಪಕ್ಕದಲ್ಲಿ ಅಲ್ಲಿ ಹೇಳಿದ ಮಾತು ಅಕ್ಷರಶಃ, ಆಮೇಲೆ ಅದು ಯಾರ ಮಾತು, ಕೊನೇಲಿ ಆಧಾರ. ಒಂದು ಸಾಲು ಹೀಗಿರುತ್ತೆ: 14ನೇ ನಿಮಿಷ 32ನೇ ಸೆಕೆಂಡ್, "ಈ ಕೆರೆ ಒತ್ತುವರಿ ಆಗಿದೆ", ನಿರೂಪಕರ ಮಾತು, ಆಧಾರ ಸರ್ವೆ ನಕ್ಷೆ ಮತ್ತು ತಹಸೀಲ್ದಾರ್ ವರದಿ ಪುಟ 6. ಆಧಾರದ ಕಾಲಂ ಖಾಲಿ ಇದ್ರೆ ಆ ಮಾತನ್ನ ತೆಗೀರಿ, ಇಲ್ಲ ಅದು ಯಾರ ಆರೋಪ ಅಂತ ಹೇಳಿ. ಸಾರ್ವಜನಿಕ ದಾಖಲೆಯಲ್ಲಿರೋದನ್ನ ಹೇಳೋಕೆ ಒಪ್ಪಿಗೆ ಬೇಕಿಲ್ಲ ಅಂತ 1994ರ ಆಟೋ ಶಂಕರ್ ಕೇಸ್ ಇದೆ, ಆದ್ರೆ ಅದೇ ತೀರ್ಪು ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರ ಹೆಸರು ಹಾಕಬೇಡಿ ಅನ್ನುತ್ತೆ. ಕ್ರಿಮಿನಲ್ ಮಾನಹಾನಿಯಲ್ಲಿ, ಅಂದ್ರೆ ಭಾರತೀಯ ನ್ಯಾಯ ಸಂಹಿತೆಯ ಕಲಂ 356ರಲ್ಲಿ, ಹೇಳಿದ್ದು ಸತ್ಯ ಅಂದ್ರೆ ಮಾತ್ರ ಸಾಕಾಗಲ್ಲ, ಸಾರ್ವಜನಿಕ ಹಿತಕ್ಕೆ ಹೇಳಿದ್ದು ಅಂತಲೂ ತೋರಿಸಬೇಕು. ಅದಕ್ಕೇ ಎದುರಿನವರಿಗೆ ಮೊದಲೇ ಪ್ರಶ್ನೆ ಕಳಿಸಿ, ಉತ್ತರಕ್ಕೆ ಸಮಯ ಕೊಟ್ಟು, ಆ ಈಮೇಲ್ ಜೋಪಾನ ಮಾಡಿ.

ಒಪ್ಪಿಗೆ ಪತ್ರದ ವಿಷಯದಲ್ಲಿ ನನಗೆ ನಿಜಕ್ಕೂ ಬೇಜಾರಿದೆ. ಹಳ್ಳಿಯ ಅಜ್ಜಿ ಹತ್ರ ಇಂಗ್ಲಿಷ್ ಫಾರ್ಮಿಗೆ ಹೆಬ್ಬೆಟ್ಟು ಒತ್ತಿಸ್ಕೊಂಡು ಬರ್ತಾರೆ. ನಾಳೆ ಅವರ ಮಗ ಬಂದು "ನಮ್ಮವ್ವಂಗೆ ಏನಂತ ಗೊತ್ತೇ ಇರ್ಲಿಲ್ಲ" ಅಂದ್ರೆ ಆ ಕಾಗದಕ್ಕೆ ಏನು ಬೆಲೆ? ಕ್ಯಾಮೆರಾ ಮುಂದೆ ಅವರ ಭಾಷೆಯಲ್ಲೇ, ಇದು ಎಲ್ಲಿ ತೋರಿಸ್ತೀವಿ, ಊರವರೂ ನೋಡ್ತಾರೆ ಅಂತ ಬಿಡಿಸಿ ಹೇಳಿ, ಅವರು ಹೂಂ ಅಂದಿದ್ದು ರೆಕಾರ್ಡ್ ಆಗಲಿ. ಕೋರ್ಟಿಗಿಂತ ಮೊದಲು ಇದು ಅವರಿಗೆ ಕೊಡಬೇಕಾದ ಮರ್ಯಾದೆ.

ಫುಟೇಜ್ ಬಗ್ಗೆಯೂ ಎಚ್ಚರ ಇರಲಿ. ನಟಿ ನಯನತಾರಾ ಬಗ್ಗೆಯ ಡಾಕ್ಯುಮೆಂಟರಿಯಲ್ಲಿ ಬಂದ ಮೂರು ಸೆಕೆಂಡಿನ ಶೂಟಿಂಗ್ ದೃಶ್ಯಕ್ಕೆ ಹತ್ತು ಕೋಟಿ ಕೇಳಿ ನೋಟಿಸ್ ಹೋಗಿ ಮದ್ರಾಸ್ ಹೈಕೋರ್ಟ್‌ವರೆಗೂ ಹೋಯ್ತು. ನಮ್ಮಲ್ಲೇ 'ವೈಲ್ಡ್ ಕರ್ನಾಟಕ' ಅನ್ನೋ ವನ್ಯಜೀವಿ ಡಾಕ್ಯುಮೆಂಟರಿ ವಿಷಯದಲ್ಲಿ ಅರಣ್ಯ ಇಲಾಖೆ ಜೊತೆಗಿನ ಒಪ್ಪಂದ ಮೀರಿ ವಾಣಿಜ್ಯ ಬಳಕೆ ಆಗಿದೆ ಅನ್ನೋ ಆರೋಪದ ಮೇಲೆ 2021ರಲ್ಲಿ ಹೈಕೋರ್ಟ್ ಮಧ್ಯಂತರ ತಡೆ ಕೊಡ್ತು. ಅನುಮತಿ ಪತ್ರದ ಷರತ್ತುಗಳನ್ನ ಶೂಟಿಂಗ್‌ಗೆ ಮೊದಲೇ ಓದಿ.

ಕೊನೇದು, ಪ್ರದರ್ಶನದ ದಿನದ ಗಲಾಟೆ. ಸರ್ಟಿಫಿಕೇಟ್ ಇರುತ್ತೆ, ಆದ್ರೂ ಯಾರೋ ಬಂದು ಬೆದರಿಸ್ತಾರೆ, ಹಾಲ್‌ನವರು ಹಿಂದೆ ಸರೀತಾರೆ, ಪೊಲೀಸರು "ಲಾ ಅಂಡ್ ಆರ್ಡರ್ ಸಮಸ್ಯೆ, ಬೇಡ ಬಿಡಿ" ಅಂತಾರೆ. 1989ರ ರಂಗರಾಜನ್ ತೀರ್ಪು ಇದಕ್ಕೆ ನೇರ ಉತ್ತರ, ಬೆದರಿಕೆ ಇದೆ ಅಂತ ಸರ್ಕಾರ ಅಭಿವ್ಯಕ್ತಿಯನ್ನ ಹತ್ತಿಕ್ಕೋ ಹಾಗಿಲ್ಲ, ರಕ್ಷಣೆ ಕೊಡೋದು ಅದರ ಕರ್ತವ್ಯ. ಹಾಗಾಗಿ ಬಾಯಲ್ಲಿ ಮಾತಾಡಿ ಬರಬೇಡಿ, ತೀರ್ಪಿನ ಪ್ರತಿ ಲಗತ್ತಿಸಿ ಬಂದೋಬಸ್ತ್ ಕೇಳಿ ಸ್ಟೇಷನ್ನಿಗೂ ಕಮಿಷನರ್ ಆಫೀಸಿಗೂ ಅರ್ಜಿ ಕೊಟ್ಟು ಸೀಲ್ ಹಾಕಿಸ್ಕೊಳ್ಳಿ. ಸಂಜೆ ಹೊತ್ತಿಗೆ ಅರ್ಜೆಂಟ್ ರಿಟ್ ಹಾಕೋ ಪರಿಸ್ಥಿತಿ ಬಂದ್ರೆ ನಾವು ವಕೀಲರು ಮೊದಲು ಕೇಳೋದು ಆ ಸೀಲ್ ಇರೋ ಪ್ರತಿಯನ್ನೇ.