ಪರಿವರ್ತನೆಯ ದಾಖಲೆಯಿಲ್ಲದ ಕಡತಗಳು

ಡಿಜಿಟಲ್ ಸಂಗ್ರಹದ ಬಗ್ಗೆ ಸಲಹೆ ಕೇಳಿ ಕರೆದವರು ನನ್ನ ಮುಂದೆ ಮೊದಲು ತೆರೆಯುವುದು ಶೀರ್ಷಿಕೆ, ಲೇಖಕ, ವರ್ಷ, ವಿಷಯ ಎಂಬ ಕಾಲಂಗಳನ್ನು ಅಚ್ಚುಕಟ್ಟಾಗಿ ತುಂಬಿದ ಪಟ್ಟಿಯನ್ನು. ಕಡತವನ್ನು ಹುಡುಕಲು ಅದು ಸಾಕು, ಆದರೆ ಕಡತ ಬಂದಾಗ ಇದ್ದಂತೆಯೇ ಇದೆಯೇ, ನಡುವೆ ಯಾರು ಅದಕ್ಕೆ ಏನು ಮಾಡಿದರು ಎಂಬುದನ್ನು ಅದು ತಿಳಿಸುವುದಿಲ್ಲ. 2005ರಲ್ಲಿ ಪ್ರಕಟವಾಗಿ 2015ರಲ್ಲಿ ಮೂರನೆಯ ಆವೃತ್ತಿ ಕಂಡ ಪ್ರೆಮಿಸ್, ಅಂದರೆ ಡಿಜಿಟಲ್ ಕಡತಗಳ ಸಂರಕ್ಷಣೆಗೆ ಬೇಕಾದ ಮಾಹಿತಿಯ ಮಾನಕವು, ವಸ್ತು (ಕಡತ), ಘಟನೆ (ಅದಕ್ಕೆ ಏನು ಮಾಡಲಾಯಿತು), ಕರ್ತೃ (ಮಾಡಿದವರು ಅಥವಾ ಮಾಡಿದ ತಂತ್ರಾಂಶ), ಹಕ್ಕು ಎಂಬ ನಾಲ್ಕನ್ನು ದಾಖಲಿಸಲು ಹೇಳುತ್ತದೆ. ನಾನು ಕಂಡ ಕಡೆಗಳಲ್ಲಿ ಹೆಚ್ಚಾಗಿ ಖಾಲಿ ಉಳಿಯುವುದು ಘಟನೆ.

ಒಂದು ಸಂಸ್ಥೆ ತನ್ನ ಪತ್ರಿಕೆಯ ಹಳೆಯ ಸಂಚಿಕೆಗಳನ್ನು ನುಡಿ, ಬರಹ ಫಾಂಟುಗಳಿಂದ, ಪ್ರತಿ ಅಕ್ಷರಕ್ಕೂ ಎಲ್ಲೆಡೆ ಒಂದೇ ಸಂಕೇತ ಕೊಡುವ ಯೂನಿಕೋಡ್‌ಗೆ ಪರಿವರ್ತಿಸಿತ್ತು. ಆ ಹಳೆಯ ಫಾಂಟುಗಳಲ್ಲಿ ಕಂಪ್ಯೂಟರು ಉಳಿಸುತ್ತಿದ್ದುದು ಕಣ್ಣಿಗೆ ಕಾಣುವ ತುಣುಕುಗಳ ಕ್ರಮವನ್ನು. ಹೀಗಾಗಿ ಅರ್ಕಾವೊತ್ತು ವ್ಯಂಜನದ ನಂತರ ಕೂರುತ್ತದೆ. ಯೂನಿಕೋಡ್‌ನಲ್ಲಿ ರಕಾರ ಮೊದಲು ಬರಬೇಕು. ಪರಿವರ್ತಕ ತಂತ್ರಾಂಶ ಅದನ್ನು ವ್ಯಂಜನಕ್ಕಿಂತ ಮೊದಲಿಗೆ ಸರಿಸದಿದ್ದರೆ ‘ಕಾರ್ಯಕ್ರಮ’ವು ‘ಕಾಯರ್ಕ್ರಮ’ವಾಗುತ್ತದೆ. ಅದನ್ನು ಯಾರಾದರೂ ತಿದ್ದಬಲ್ಲರು. ಆದರೆ ಅಪರಿಚಿತ ಊರಿನದೋ ಮನೆತನದ್ದೋ ಹೆಸರು ವಿಚಿತ್ರವಾಗಿ ಕಂಡಾಗ ತಪ್ಪು ಮೂಲ ಬೆರಳಚ್ಚಿನದೋ ಪರಿವರ್ತಕದ್ದೋ ಎಂದು ನನಗೆ ನಿರ್ಣಯಿಸಲಾಗಲಿಲ್ಲ, ಏಕೆಂದರೆ ಜಾಗ ಉಳಿಸಲೆಂದು ಮೂಲ ಕಡತಗಳನ್ನು ಅಳಿಸಲಾಗಿತ್ತು, ಬಳಸಿದ ತಂತ್ರಾಂಶ ಯಾವುದೆಂದು ಯಾರಿಗೂ ನೆನಪಿರಲಿಲ್ಲ. ಆ ಕೆಲಸ ಮಾಡಿದ ಹುಡುಗಿ ಬಹಳ ಶ್ರದ್ಧೆಯವಳು. ಮಾಡಿದ್ದನ್ನು ಬರೆದಿಡಬೇಕೆಂದು ಅವಳಿಗೆ ಯಾರೂ ಹೇಳಿರಲಿಲ್ಲ.

‘ಚೆಕ್‌ಸಮ್ ಇದೆಯಲ್ಲ’ ಎಂದು ಅಲ್ಲಿಯ ಹಿರಿಯರು ವಾದಿಸಿದರು. ಈ ಮಾತನ್ನು ನಾನು ಎಷ್ಟು ಸಲ ಕೇಳಿದ್ದೇನೋ! ಚೆಕ್‌ಸಮ್ ಕಡತದ ಒಳಗಿರುವುದರಿಂದ ಲೆಕ್ಕಹಾಕಿ ತೆಗೆಯುವ ಒಂದು ಸಂಖ್ಯೆ, ಕಡತದ ಬೆರಳಗುರುತಿದ್ದಂತೆ: ಅದನ್ನು ತೆಗೆದ ದಿನದಿಂದ ಈಚೆಗೆ ಕಡತ ಬದಲಾಗಿಲ್ಲವೆಂದಷ್ಟೇ ಅದು ಸಾಕ್ಷಿ ಹೇಳಬಲ್ಲದು. ಇಲ್ಲಿ ಅದನ್ನು ತೆಗೆದದ್ದು ಪರಿವರ್ತನೆ ಮುಗಿದ ಮೇಲೆ. ಆದ್ದರಿಂದ ‘ಕಾಯರ್ಕ್ರಮ’ ಎಂಬ ತಪ್ಪು ಚಾಚೂ ಬದಲಾಗದೆ ಉಳಿದಿದೆ ಎಂಬುದಕ್ಕೆ ಅದು ಖಚಿತ ಪುರಾವೆ, ಮೂಲದಲ್ಲಿ ಏನಿತ್ತು ಎಂಬುದಕ್ಕೆ ಅಲ್ಲ. ಕಡತ ಕೈಸೇರಿದ ದಿನ ಒಂದು ಚೆಕ್‌ಸಮ್, ಪರಿವರ್ತನೆಯ ನಂತರ ಹೊಸ ಕಡತಕ್ಕೆ ಇನ್ನೊಂದು, ಇವೆರಡರ ನಡುವೆ ದಿನಾಂಕ, ಮಾಡಿದವರು, ತಂತ್ರಾಂಶ, ಅದರ ಆವೃತ್ತಿ, ಫಲಿತಾಂಶ ಇವಿಷ್ಟಿದ್ದರೆ ಘಟನೆ ದಾಖಲಾದಂತೆ.

ಚಿಕ್ಕ ಸಂಸ್ಥೆಗಳೆಲ್ಲ ಪ್ರೆಮಿಸ್ಸನ್ನು ಪೂರ್ಣವಾಗಿ ಅಳವಡಿಸಲೇಬೇಕೆಂದು ನಾನು ಹೇಳಲಾರೆ, ಹಲವರಿಗೆ ಎಕ್ಸೆಲ್ ಹಾಳೆಯೇ ಸಾಕಾಗಬಹುದು. ಮೂಲ ಕಡತ ಅಳಿಸುವುದನ್ನು ಮಾತ್ರ ಒಪ್ಪಲಾರೆ. ಜಾಗ ಉಳಿಸುವ ನೆಪವೂ ಇಲ್ಲಿ ನಿಲ್ಲದು: 300 ಡಿಪಿಐನಲ್ಲಿ (ಇಂಚಿಗೆ 300 ಚುಕ್ಕೆ) ಬಣ್ಣದಲ್ಲಿ ಸ್ಕ್ಯಾನ್ ಮಾಡಿ ಸಂಕುಚಿಸದೆ ಇಟ್ಟ ಒಂದೇ ಒಂದು ಎ4 ಪುಟ ಸುಮಾರು 25 ಎಂಬಿ ತಿನ್ನುತ್ತದೆ, ನೂರು ಪುಟಗಳ ಬರಿ ಪಠ್ಯಕ್ಕೆ ಒಂದು ಎಂಬಿಯೂ ಬೇಕಾಗದು.